ವಿಮಾನಪುರದ ಉಕ್ಕಿನ ಕೋಣೆ, ಲಾ ಪಾಸ್‌ನ ತೆಳುಗಾಳಿ

ದಕ್ಷಿಣ ಅಮೆರಿಕದ ಬೊಲಿವಿಯಾ ದೇಶದ ಲಾ ಪಾಸ್ ನಗರವನ್ನು ನೋಡಿಬರಬೇಕೆಂಬ ನಮ್ಮ ಬಹುಕಾಲದ ಸಂಕಲ್ಪವು ಕಡೆಗೂ ಕೈಗೂಡುವ ಕಾಲ ಬಂದಾಗ, ವಾಯುಸೇನೆಯಲ್ಲಿ ವೈದ್ಯರಾಗಿದ್ದು ನಿವೃತ್ತರಾಗಿ ಇಂದಿರಾನಗರದ ಡಿಫೆನ್ಸ್ ಕಾಲೋನಿಯಲ್ಲಿ ನೆಲೆಸಿರುವ ಮಿತ್ರರೊಬ್ಬರು, ಬೆಳಗಿನ ತಿರುಗಾಟದ ನಡುವೆ ಥಟ್ಟನೆ ನಿಂತು, ಅಲ್ಲಿ ಇಳಿದ ಮೊದಲನೆಯ ದಿನ ಯಾವ ಗುಡಿಯನ್ನೂ ಯಾವ ಪೇಟೆಯನ್ನೂ ನೋಡಹೋಗದೆ ಕೋಣೆಯಲ್ಲಿ ಸುಮ್ಮನೆ ಮಲಗಿರತಕ್ಕದ್ದೆಂದು ಅಪ್ಪಣೆ ಮಾಡಿದರು. ಅಷ್ಟು ದುಡ್ಡು ಸುರಿದು ಭೂಮಿಯ ಆ ಮಗ್ಗುಲಿಗೆ ಹೋಗಿ ಮಲಗುವುದೇ ಎಂದು ನನ್ನಾಕೆ ನಕ್ಕಳು. ಅವರು ನಗಲಿಲ್ಲ.

ನಗದಿರುವುದಕ್ಕೆ ಕಾರಣವಿತ್ತು. ಅವರ ಸೇವಾವಧಿಯ ಬಹುಭಾಗ ಸಂದದ್ದು ಹಳೆಯ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂಬ ವಾಯುಸೇನೆಯ ಸಂಸ್ಥೆಯಲ್ಲಿ. 1940ರಲ್ಲಿ ಹುಟ್ಟಿದ ಎಚ್‌ಎಎಲ್ ಕಾರ್ಖಾನೆಯ ನೆರೆಯಲ್ಲಿ, 1957ರಲ್ಲಿ ವೈಮಾನಿಕ ವೈದ್ಯದ ಒಂದು ಶಾಲೆಯಾಗಿ ಮೊದಲಾದ ಈ ಸಂಸ್ಥೆಯ ಗೋಡೆಯ ಪಕ್ಕದಲ್ಲಿ ನಾನು ಎಷ್ಟು ಸಹಸ್ರ ಸಲ ಬಸ್ಸಿನಲ್ಲಿ ಹಾದುಹೋಗಿದ್ದೆನೋ ಲೆಕ್ಕವಿಲ್ಲ. ಆದರೆ ಅದರೊಳಗೆ ನಡೆಯುವುದೇನೆಂಬುದನ್ನು ತಿಳಿಯುವ ಕುತೂಹಲ ಹುಟ್ಟಿದ್ದು ಲಾ ಪಾಸ್‌ನಿಂದ ಹಿಂದಿರುಗಿದ ಮೇಲೆಯೇ. ಸೋವಿಯತ್ ನೌಕೆಯಲ್ಲಿ 1984ರಲ್ಲಿ ಅಂತರಿಕ್ಷಕ್ಕೆ ಹೋದ ರಾಕೇಶ್ ಶರ್ಮ ಮತ್ತು ಅವರೊಡನೆ ಸಿದ್ಧರಾಗಿದ್ದ ರವೀಶ್ ಮಲ್ಹೋತ್ರ ಇವರ ದೇಹಪರೀಕ್ಷೆ ನಡೆದದ್ದು ಇಲ್ಲಿ. ಗಗನಯಾನಕ್ಕಾಗಿ ವೈಮಾನಿಕರನ್ನು ಆರಿಸುವ ಕಾರ್ಯ ನಡೆದದ್ದೂ ಇಲ್ಲಿಯೇ. ನಾಗರಿಕ ವಿಮಾನಗಳನ್ನು ನಡೆಸಹೊರಟ ತರುಣರೂ ವೈದ್ಯಕೀಯ ತಪಾಸಣೆಗೆಂದು ಈ ಬಾಗಿಲಿಗೆ ಬರುತ್ತಾರೆ. ವೈದ್ಯರಿಗೆ ಇದೇ ವಿಷಯದಲ್ಲಿ ಎಂ.ಡಿ. ಪದವಿಯ ಶಿಕ್ಷಣವೂ ಇಲ್ಲಿ ದೊರೆಯುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆರೆಹಿಡಿದದ್ದು ಉಕ್ಕಿನ ಒಂದು ಕೋಣೆ. ವೈಮಾನಿಕರು ಅದನ್ನು ಬರಿದೆ ಚೇಂಬರ್ ಎನ್ನುತ್ತಾರೆ. ಅದರ ಬಾಗಿಲನ್ನು ಭದ್ರವಾಗಿ ಮುಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೊರಕ್ಕೆ ಸೆಳೆಯುತ್ತ ಹೋದರೆ, ಕೋಣೆ ನೆಲವನ್ನು ಬಿಟ್ಟು ಒಂದಂಗುಲವೂ ಕದಲದೆ, ಅದರೊಳಗೆ ಕುಳಿತವರು ಪರ್ವತಶಿಖರಗಳನ್ನು ದಾಟಿ ಮೇಲೇರುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಸಮುದ್ರತೀರದಲ್ಲಾಗಲಿ ಆಂಡೀಸ್ ಪರ್ವತದ ಮೇಲಾಗಲಿ ಶೇಕಡ 21ರಷ್ಟೇ. ಕಡಿಮೆಯಾಗುವುದು ಅದನ್ನು ಶ್ವಾಸಕೋಶದೊಳಕ್ಕೆ ನೂಕಬೇಕಾದ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಈ ಒತ್ತಡ ನಮ್ಮ ಬೆಂಗಳೂರಿನಲ್ಲಿ ಸುಮಾರು 680. 3,600 ಮೀಟರ್ ಎತ್ತರದ ಲಾ ಪಾಸ್‌ನಲ್ಲಿ 500ಕ್ಕೂ ತುಸು ಕಡಿಮೆ. ಚೇಂಬರಿನ ತರಬೇತಿಯಲ್ಲಿ ಸಾಮಾನ್ಯವಾಗಿ ಮುಟ್ಟುವ 25,000 ಅಡಿಯಲ್ಲಿ ಅದು 300ಕ್ಕೂ ಕೆಳಗೆ ಇಳಿದಿರುತ್ತದೆ.

ಅಲ್ಲಿ ನಡೆಯುವ ಪಾಠದ ಕ್ರಮ ಹೀಗೆ. ಏರುವ ಮೊದಲೇ ಮುಖವಾಡದ ಮೂಲಕ ಶುದ್ಧ ಆಮ್ಲಜನಕವನ್ನು ಕೆಲಹೊತ್ತು ಉಸಿರಾಡಿಸಿ, ರಕ್ತದಲ್ಲಿ ಕರಗಿರುವ ಸಾರಜನಕವನ್ನು ಹೊರಹಾಕುತ್ತಾರೆ. ಇಲ್ಲದಿದ್ದರೆ ಅದು ಗುಳ್ಳೆಗಟ್ಟಿ ಕೀಲುಗಳನ್ನು ಹಿಂಡೀತು. ಮೇಲೇರಿದಂತೆ ಹೊಟ್ಟೆಯೊಳಗಿನ ವಾಯುವೂ ಹಿಗ್ಗುತ್ತದೆ, 18,000 ಅಡಿಗೆ ಇಮ್ಮಡಿಯಾಗುತ್ತದೆ. ಆದಕಾರಣ ಅವರೆಕಾಯಿಯ ಕಾಲದಲ್ಲಿ ಬೆಂಗಳೂರಿಗೆ ಬಂದ ವೈಮಾನಿಕನು ಚೇಂಬರಿನ ಹಿಂದಿನ ದಿನ ಹಿತಕಿದಬೇಳೆಯ ಸಾರಿಗೆ ಕೈಮುಗಿದು ದೂರವಿರುವುದೇ ಲೇಸು. ಗೊತ್ತಾದ ಎತ್ತರವನ್ನು ಮುಟ್ಟಿದಾಗ, ಪಕ್ಕದಲ್ಲಿ ಮುಖವಾಡ ತೊಟ್ಟ ಮೇಲ್ವಿಚಾರಕನಿರುವಂತೆಯೇ, ಶಿಷ್ಯನು ತನ್ನ ಮುಖವಾಡವನ್ನು ತೆಗೆಯುತ್ತಾನೆ. ಕೈಯಲ್ಲಿ ಕಾಗದ, ಪೆನ್ಸಿಲು. ನೂರರಿಂದ ಏಳೇಳನ್ನು ಕಳೆಯುತ್ತ ಬಾ, ನಿನ್ನ ಹೆಸರನ್ನು ಬರೆ ಎಂಬಂಥ ಮಕ್ಕಳ ಪರೀಕ್ಷೆ. ಮೂರರಿಂದ ಐದು ನಿಮಿಷದೊಳಗೆ ಅಕ್ಷರ ಸೊಟ್ಟಗಾಗುತ್ತದೆ, ಲೆಕ್ಕ ತಪ್ಪುತ್ತದೆ, ಉಗುರು ನೀಲಿಗಟ್ಟುತ್ತದೆ. ಆದರೆ ಬರೆಯುತ್ತಿರುವವನ ಮುಖದಲ್ಲಿ ಅನೇಕ ವೇಳೆ ಗೆದ್ದವನ ನಗೆ.

ಈ ನಗೆಯೇ ವಿಮಾನಪುರದ ಪಾಠಕ್ಕೆ ಕಾರಣವಾದ ಶತ್ರು. ಆಮ್ಲಜನಕ ಸಾಲದ ಮೆದುಳು ಮೊತ್ತಮೊದಲು ಕಳೆದುಕೊಳ್ಳುವುದು, ತನಗೆ ಏನೋ ಸಾಲದು ಎಂಬ ತಿಳಿವಳಿಕೆಯನ್ನೇ. ನೀರಿನಲ್ಲಿ ಮುಳುಗುವವನು ಒದ್ದಾಡುತ್ತಾನೆ. ತೆಳುಗಾಳಿಯಲ್ಲಿ ಮುಳುಗುವವನು ಹಾಯಾಗಿರುತ್ತಾನೆ. 1875ರಲ್ಲಿ ಫ್ರಾನ್ಸಿನ ಮೂವರು ಝೆನಿತ್ ಎಂಬ ಬಲೂನಿನಲ್ಲಿ 8,000 ಮೀಟರುಗಳನ್ನು ದಾಟಿ ಏರಿದಾಗ ಆಮ್ಲಜನಕದ ಚೀಲಗಳು ಅವರ ಬಳಿಯಲ್ಲಿಯೇ ಇದ್ದುವು. ಅವನ್ನು ಬಾಯಿಗೆ ಹಿಡಿಯಬೇಕೆಂಬ ಅವಸರ ಹುಟ್ಟುವ ವೇಳೆಗೆ ಕೈ ಏಳದಾಗಿತ್ತು. ಬದುಕಿ ಬಂದವನು ಟಿಸಾಂಡಿಯೆ ಒಬ್ಬನೇ. ಒಬ್ಬೊಬ್ಬನಲ್ಲಿ ಈ ಕೊರತೆ ಒಂದೊಂದು ಗುರುತಿನಿಂದ ತಲೆದೋರುತ್ತದೆ, ಒಬ್ಬನಿಗೆ ಬೆರಳು ಜುಮುಗುಟ್ಟಿದರೆ ಇನ್ನೊಬ್ಬನಿಗೆ ಕಣ್ಣಂಚು ಕತ್ತಲಾಗುತ್ತದೆ, ಮತ್ತೊಬ್ಬನಿಗೆ ಕಾರಣವಿಲ್ಲದೆ ಸಿಟ್ಟು ಬರುತ್ತದೆ. ತನ್ನ ಗುರುತು ಯಾವುದೆಂದು ಪ್ರತಿಯೊಬ್ಬ ವೈಮಾನಿಕನೂ ನೆಲದ ಮೇಲೆಯೇ, ಬದುಕಿ ಉಳಿಯುವ ಭರವಸೆಯೊಡನೆ, ಅನುಭವದಿಂದ ಅರಿಯಲೆಂಬುದಕ್ಕಾಗಿ ಆ ಕೋಣೆ ಇದೆ.

ನನಗೆ ಆ ಕೋಣೆಯ ಭಾಗ್ಯವಿರಲಿಲ್ಲವಾಗಿ ನಾನು ಗುರುತನ್ನು ಕಂಡುಕೊಂಡದ್ದು ಲಾ ಪಾಸ್‌ನಲ್ಲಿ. ಸಂವಿಧಾನದ ಪ್ರಕಾರ ಬೊಲಿವಿಯಾದ ರಾಜಧಾನಿ ಸೂಕ್ರೆ; ಆದರೆ ಅಧ್ಯಕ್ಷರೂ ಶಾಸನಸಭೆಯೂ ಇರುವುದು 1548ರಲ್ಲಿ ಸ್ಪೇನ್ ದೇಶದವರು ಕಟ್ಟಿದ ಲಾ ಪಾಸ್‌ನಲ್ಲಿ. ಅಲ್ಲಿಗೆ ವಿಮಾನ ಇಳಿಯುವುದು ಇನ್ನೂ ಮೇಲಿನ ಎಲ್ ಆಲ್ತೋ ನಗರದಲ್ಲಿ, 4,061 ಮೀಟರ್ ಎತ್ತರದಲ್ಲಿ. ಹಾರುವ ವಿಮಾನದೊಳಗೆ ಸಾಮಾನ್ಯವಾಗಿ ಸುಮಾರು 8,000 ಅಡಿ ಎತ್ತರದ ಗಾಳಿಯಷ್ಟನ್ನಾದರೂ ಉಳಿಸಿಕೊಳ್ಳುತ್ತಾರಾಗಿ, ಎಲ್ ಆಲ್ತೋದಲ್ಲಿ ನೆಲಕ್ಕೆ ಇಳಿಯುವುದೆಂದರೆ ಶ್ವಾಸಕೋಶದ ಪಾಲಿಗೆ ಇನ್ನೂ 5,000 ಅಡಿ ಏರುವುದು.

ಊರು ಒಂದು ಬಟ್ಟಲು. ಸಿರಿವಂತರು ಗಾಳಿ ದಟ್ಟವಾಗಿ ಚಳಿ ಕಡಿಮೆಯಾದ ತಳದಲ್ಲಿಯೂ, ಬಡವರು ಬಟ್ಟಲಿನ ಅಂಚಿನಲ್ಲಿಯೂ ವಾಸಿಸುತ್ತಾರೆ. ಹತ್ತನೆಯ ಅಂತಸ್ತಿನ ಮನೆಗೆ ಹೆಚ್ಚು ಬೆಲೆ ಕೊಡುವ ನಮ್ಮ ಇಂದಿರಾನಗರದವರಿಗೆ ಇದು ತಲೆಕೆಳಗಾದ ಲೋಕ. ಆಚೆ ದಿಗಂತದಲ್ಲಿ 6,400 ಮೀಟರುಗಳನ್ನು ಮೀರಿದ ಇಲ್ಲಿಮಾನಿ ಹಿಮಶಿಖರ. ಅಂಚಿಗೂ ತಳಕ್ಕೂ ನಡುವೆ 2014ರಿಂದ ಹಗ್ಗದ ಹಾದಿಯ ತೊಟ್ಟಿಲುಗಳು ಓಡಾಡುತ್ತವೆ: ನಮ್ಮ ಸಿಎಮ್ಎಚ್ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ಓಡುವಂತೆ, ಆದರೆ ಹಳಿಯೂ ಇಲ್ಲದೆ, ಸದ್ದೂ ಇಲ್ಲದೆ. ಇದು ಪ್ರವಾಸಿಗರ ವಿನೋದಕ್ಕೆ ಕಟ್ಟಿದ್ದಲ್ಲ. ದುಂಡು ಟೋಪಿಯ, ನೆರಿಗೆಲಂಗದ ಹೆಂಗಸರು ಮೂಟೆಗಳೊಡನೆ ಏರಿ ಇಳಿಯುವ ನಿತ್ಯದ ಸವಾರಿ.

ಮಿತ್ರರ ಅಪ್ಪಣೆಯಂತೆ ನನ್ನಾಕೆ ಕೋಕಾ ಎಲೆಯ ಕಷಾಯ ಕುಡಿದು ಮಲಗಿದಳು. ನೀರು ಸುಮಾರು 88 ಡಿಗ್ರಿಗೇ ಕುದಿದುಬಿಡುವ ಊರದು. ಕುಕ್ಕರಿಲ್ಲದೆ ಇಲ್ಲಿ ತೊಗರಿಬೇಳೆ ಬೇಯುವುದು ಯಾವ ಯುಗಕ್ಕೋ ಎಂಬುದೊಂದೇ ಅವಳ ಚಿಂತೆ. ನಾನೋ, ಮೈ ಹಗುರವಾಗಿದೆ, ಮನಸ್ಸು ಉಲ್ಲಾಸವಾಗಿದೆ ಎಂದುಕೊಂಡು ಕೆಂಪು ದಾರಿಯ ತೊಟ್ಟಿಲನ್ನೇರಿ, ಸ್ಮಶಾನದ ಮೇಲಿಂದ ತೇಲಿ, ಎಲ್ ಆಲ್ತೋದ ಸಂತೆಗೇ ಮರಳಿ ಹೋದೆನು. ಅರ್ಧ ಗಂಟೆಯಲ್ಲಿ ಹಣೆಗೆ ಕಬ್ಬಿಣದ ಪಟ್ಟಿ ಬಿಗಿದಂತಾಯಿತು. 2009ರಲ್ಲಿ ಮರಡೋನ ತರಬೇತಿ ಕೊಟ್ಟ ಅರ್ಜೆಂಟೀನ ತಂಡವೇ ಈ ಊರಿನಲ್ಲಿ ಆರಕ್ಕೆ ಒಂದು ಗೋಲಿನಿಂದ ಸೋತದ್ದು, ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡಿರುವ ಹಲಸೂರಿನ ಗೌತಮಪುರದ ಹುಡುಗರಿಗೆ ಗೊತ್ತಿದ್ದೀತು. ಅರವತ್ತು ದಾಟಿದ ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಆಂಡೀಸ್ ನಾಡು ಕನ್ನಡಿಗರಿಗೆ ತೀರ ಅಪರಿಚಿತವೇನಲ್ಲ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ನೇಮಿಚಂದ್ರ ಅವರು 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಪ್ರವಾಸಕಥನವನ್ನೇ ಬರೆದಿದ್ದಾರೆ. ನನಗೂ ಅಂಥ ಆಸೆ ಇದ್ದುದರಿಂದ ಆ ಸಂಜೆಯೇ ದಿನಚರಿ ತೆರೆದು, ಸಂತೆಯ ವರ್ಣನೆಯನ್ನು ನಾಲ್ಕು ಪುಟ ಬರೆದೆನು. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲವೆಂಬ ತೃಪ್ತಿಯಿಂದ ನಿದ್ರೆಹೋದದ್ದು ನೆನಪಿದೆ.

ಊರಿಗೆ ಬಂದು ತೆರೆದು ನೋಡಿದಾಗ ಸಾಲುಗಳು ಪುಟದ ಬಲಗಡೆಗೆ ಜಾರಿದ್ದುವು. 'ಕಂಬಳಿ' ಎಂಬ ಮಾತು ಒಂದೇ ವಾಕ್ಯದಲ್ಲಿ ಮೂರು ಸಲ ಬಂದಿತ್ತು. ಕೊಂಡ ಸಾಮಾನಿನ ಲೆಕ್ಕವನ್ನು ಕೂಡಿದ್ದು ತಪ್ಪಾಗಿತ್ತು. ಪಕ್ಕದ ಪುಟದಲ್ಲಿ ಮಾರನೆಯ ದಿನ ನನ್ನಾಕೆ ಬರೆದ ಲೆಕ್ಕ ಸರಿಯಾಗಿತ್ತು. ಪುಸ್ತಕವನ್ನು ಡಿಫೆನ್ಸ್ ಕಾಲೋನಿಯ ಮಿತ್ರರ ಮುಂದಿಟ್ಟೆನು. ಅವರು ಕನ್ನಡಕವನ್ನು ಏರಿಸಿಕೊಂಡು, ನಾಲ್ಕು ಪುಟಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಕೂಡಿದ ಮೊತ್ತದ ಮೇಲೆ ಬೆರಳಿಟ್ಟು, ಅಂದು ನಗದೆ ಉಳಿಸಿಕೊಂಡಿದ್ದ ನಗೆಯನ್ನು ಈಗ ಮನಸಾರೆ ನಕ್ಕರು.