ಹೇಳಿ ಬಿಟ್ಟರೆ ದುಡ್ಡು ಹೋಗುತ್ತದೆಯೇ?

ಬದನವಾಳಿನಂಥ ಊರುಗಳಿಂದ ನಂಜನಗೂಡು, ತಾಂಡವಪುರ, ಹಿಮ್ಮಾವಿನ ಕಾರ್ಖಾನೆಗಳಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಹಲವರು ಕೆಲಸ ಬಿಡುವುದು ಹೀಗೆ: ಸಂಬಳ ಖಾತೆಗೆ ಬಿದ್ದ ಮರುದಿನದಿಂದ ಹೋಗುವುದಿಲ್ಲ, ಫೋನ್ ಎತ್ತುವುದಿಲ್ಲ. ಇದು ಸೋಮಾರಿತನವಲ್ಲ, ಹೇಳಿದರೆ ಬಿಡುವುದಿಲ್ಲ, ದುಡ್ಡು ತಡೆಯುತ್ತಾರೆ ಎಂಬ ಭಯ. ಆ ಭಯಕ್ಕೆ ಆಧಾರವಿಲ್ಲ.

‘ಮಾಲೀಕರು ಒಪ್ಪದಿದ್ದರೆ ಬಿಡುವ ಹಾಗಿಲ್ಲ’ ಎಂಬುದು ಮೊದಲ ತಪ್ಪು ಕಲ್ಪನೆ. ಸಾಲ ತೀರುವ ತನಕ ಒಡೆಯನ ಮನೆ ಬಿಡುವಂತಿಲ್ಲದ ಜೀತದ ನೆರಳು ಇದರಲ್ಲಿದೆ. ಜೀತ ಪದ್ಧತಿಯನ್ನು 1976ರ ಕಾಯ್ದೆಯೇ ರದ್ದು ಮಾಡಿತು. ಒಲ್ಲದವರನ್ನು ಖಾಸಗಿ ಕೆಲಸದಲ್ಲಿ ದುಡಿಸಿಕೊಳ್ಳಲು ನ್ಯಾಯಾಲಯವೂ ಆದೇಶ ಕೊಡುವುದಿಲ್ಲ. ಸರ್ಕಾರಿ ನೌಕರಿಯ ಮಾತು ಬೇರೆ. ಅಲ್ಲಿ ರಾಜೀನಾಮೆ ಅಂಗೀಕಾರವಾಗಬೇಕು.

‘ಪಿಎಫ್ ತಡೆಹಿಡಿಯುತ್ತಾರೆ’ ಎಂಬುದು ಎರಡನೆಯದು. ಆ ಹಣ ಇರುವುದು ನಿಮ್ಮ ಯುಎಎನ್ ಸಂಖ್ಯೆಯ ಪಿಎಫ್ ಖಾತೆಯಲ್ಲಿ, ಕಂಪನಿಯ ಪೆಟ್ಟಿಗೆಯಲ್ಲಲ್ಲ. ಕೆಲಸ ಬಿಟ್ಟ ದಿನಾಂಕವನ್ನು ಅವರು ನಮೂದಿಸದಿದ್ದರೆ, ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ನಮೂದಿಸಬಹುದು. ಬಾಕಿ ಸಂಬಳಕ್ಕೂ ಕಾನೂನಿದೆ: 2019ರ ವೇತನ ಸಂಹಿತೆಯಂತೆ ರಾಜೀನಾಮೆ ಕೊಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ ಪಾವತಿಯಾಗಬೇಕು.

ನನಗೆ ಹೆಚ್ಚು ಸಂಕಟ ತರುವುದು ಗ್ರಾಚ್ಯುಟಿಯ ವಿಷಯ. ಅದು ನಿವೃತ್ತರಾದವರಿಗೆ ಮಾತ್ರ ಎಂದುಕೊಂಡವರು ಬಹಳ. ಐದು ವರ್ಷ ಸತತವಾಗಿ ದುಡಿದವರು ರಾಜೀನಾಮೆ ಕೊಟ್ಟರೂ ಅದಕ್ಕೆ ಹಕ್ಕುದಾರರು. ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 13,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ: ವರ್ಷಕ್ಕೆ 7,500. ಆರು ವರ್ಷಕ್ಕೆ 45,000. ಹೇಳದೆ ಹೋದ ಮಾತ್ರಕ್ಕೆ ಇದು ಕಾನೂನಿನ ಲೆಕ್ಕದಲ್ಲಿ ಕರಗುವುದಿಲ್ಲ. ಆದರೆ ದಾಖಲೆಯಲ್ಲಿ ‘ಅನಧಿಕೃತ ಗೈರು’ ಎಂದು ಬಿದ್ದಮೇಲೆ, ಕೇಳಿದರೆ ಸಿಗಬೇಕಾದದ್ದಕ್ಕೆ ಮೈಸೂರಿನ ಕಾರ್ಮಿಕ ಇಲಾಖೆಗೆ ಅಲೆಯಬೇಕಾಗುತ್ತದೆ. ಅನುಭವ ಪತ್ರವೂ ಕೈಗೆ ಬರುವುದು ಕಷ್ಟ.

ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಇದೆ: ‘ಇಷ್ಟು ವರ್ಷ ದುಡಿಯುತ್ತೇನೆ, ಇಲ್ಲವೇ ಹಣ ಕಟ್ಟುತ್ತೇನೆ ಎಂದು ಬರೆದುಕೊಟ್ಟ ಬಾಂಡ್ ಬರೀ ಕಾಗದ, ಯಾರೂ ಏನೂ ಮಾಡಲಾರರು.’ ಇದೂ ತಪ್ಪು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ, 2009ರಲ್ಲಿ, ಕೆಲಸ ಬಿಟ್ಟರು. ಬಾಂಡಿನಂತೆ ಎರಡು ಲಕ್ಷ ರೂಪಾಯಿ ಕಟ್ಟಿ, ಅದನ್ನು ಮರಳಿ ಪಡೆಯಲು ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಆ ತೀರ್ಪನ್ನು ಬದಿಗಿಟ್ಟು ಬ್ಯಾಂಕಿನ ಷರತ್ತು ಸರಿ ಎಂದಿತು. ಹಾಗೆಂದು ಎಲ್ಲ ಬಾಂಡೂ ನಿಲ್ಲುತ್ತದೆ ಎಂದಲ್ಲ, ಷರತ್ತು ನ್ಯಾಯವಾಗಿರಬೇಕು. ಸಹಿ ಹಾಕುವ ಮೊದಲು ಓದಿಸಿಕೊಳ್ಳಿ.

ಕೆಲಸ ಬಿಡುವ ಮೊದಲು ಕೊಡಬೇಕಾದ ನೋಟಿಸ್ ಎಷ್ಟು ದಿನದ್ದು ಎಂಬುದು ನೇಮಕಾತಿ ಪತ್ರದಲ್ಲಿರುತ್ತದೆ. 1946ರ ಕಾಯ್ದೆಯಡಿ ಬಂದ ಕೇಂದ್ರದ ಮಾದರಿ ಸೇವಾ ನಿಯಮ, ಅಂದರೆ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಕಾಯಂ ಕಾರ್ಮಿಕರಿಗಿದ್ದ ಲೆಕ್ಕ, ತಿಂಗಳ ಸಂಬಳದವರಿಗೆ ಒಂದು ತಿಂಗಳು, ಉಳಿದವರಿಗೆ ಎರಡು ವಾರ. ಇಲ್ಲವೇ ಅಷ್ಟು ದಿನದ ಸಂಬಳ. ಅದು ಮಾಲೀಕರಿಗೂ ಅನ್ವಯಿಸುತ್ತಿತ್ತು.

ಆದ್ದರಿಂದ ಎರಡು ಸಾಲಿನ ಪತ್ರ ಬರೆಯಿರಿ. ಕಂಟ್ರ್ಯಾಕ್ಟ್ ಕೆಲಸವಾದರೆ ಕಂಟ್ರ್ಯಾಕ್ಟರ್‌ಗೆ ಕೊಡಿ. ನಕಲಿನ ಮೇಲೆ ಸಹಿ, ಸೀಲು, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ.