ಕೂಗಿದರೆ ಹಿಮ ಕುಸಿಯುವುದಿಲ್ಲ

ಚಿತ್ರದುರ್ಗದ ಕೋಟೆ, ಜೋಗಿಮಟ್ಟಿ ಹತ್ತಿ ಪಳಗಿದ ಹುಡುಗರು ಈಗ ಹಿಮಾಲಯದ ಚಾರಣಕ್ಕೂ ಹೊರಡುತ್ತಾರೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನೆಲ ಕಂಡಿರುವುದು ಆಲಿಕಲ್ಲು ಮಾತ್ರ. ಹೀಗಾಗಿ ಹಿಮಕುಸಿತದ ಬಗ್ಗೆ ನಮಗೆ ತಿಳಿದಿರುವುದೆಲ್ಲ ಬಹುಪಾಲು ಸಿನಿಮಾದ್ದು. ಜೋರಾಗಿ ಕೂಗಿದರೆ ಬೆಟ್ಟದ ಹಿಮ ಜಾರುತ್ತದೆ ಎಂಬ ನಂಬಿಕೆಯೂ ಅಲ್ಲಿಂದಲೇ ಬಂದದ್ದು. ಮನುಷ್ಯನ ದನಿಗೆ ಅಷ್ಟು ಬಲವಿಲ್ಲ, ಅವನ ಮೈಭಾರಕ್ಕಿದೆ. ಹಿಮ ಚಳಿಗಾಲವಿಡೀ ಪದರದ ಮೇಲೆ ಪದರವಾಗಿ ಕೂರುತ್ತದೆ. ನಡುವೆ ಎಲ್ಲೋ ಸಕ್ಕರೆಯ ಹಾಗೆ ಒಂದಕ್ಕೊಂದು ಅಂಟದ ಹರಳುಗಳ ಪದರವಿದ್ದು, ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ ಕೂತಿದ್ದರೆ ಒಂದು ಹೆಜ್ಜೆ ಸಾಕು: ಒಳಪದರ ಮುರಿದು, ಬಿರುಕು ಕ್ಷಣದಲ್ಲಿ ಹಬ್ಬಿ, ಮೇಲಿನ ಹಾಸು ಇಡಿಯಾಗಿ ಕಳಚಿಕೊಳ್ಳುತ್ತದೆ. ಇದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ನಡೆಯುವಂಥದ್ದು. ಯುರೋಪ್, ಅಮೆರಿಕದ ದಾಖಲೆಗಳ ಪ್ರಕಾರ, ವಿಹಾರಕ್ಕೆ ಹೋದವರನ್ನು ಬಲಿ ಪಡೆದ ಹತ್ತು ಹಿಮಕುಸಿತಗಳಲ್ಲಿ ಸುಮಾರು ಒಂಬತ್ತಕ್ಕೆ ಅವರ ಅಥವಾ ಜೊತೆಗಾರರ ಭಾರವೇ ಕಾರಣ.

ಹಾಗಾದರೆ ಅನುಭವಿಗಳಿಗೆ ಅಪಾಯವಿಲ್ಲವಲ್ಲ ಎನ್ನಬಹುದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ. 27 ಮಂದಿಯ ಶವಗಳು ಸಿಕ್ಕವು, ಇಬ್ಬರು ಪತ್ತೆಯಾಗಲಿಲ್ಲ. ಸತ್ತವರಲ್ಲಿ ಅದೇ ವರ್ಷ ಎವರೆಸ್ಟ್ ಏರಿದ್ದ ತರಬೇತುದಾರೆ ಸವಿತಾ ಕಂಸ್ವಾಲ್ ಕೂಡ ಇದ್ದರು. ದುರ್ಗದ ಕರಿಬಂಡೆ ನೂರು ಜನರ ಭಾರ ತಡೆದರೆ ನೂರೊಂದನೆಯವರ ಭಾರವನ್ನೂ ತಡೆಯುತ್ತದೆ. ಹಿಮದ ಮೇಲೆ ನಿನ್ನೆಯ ಹೆಜ್ಜೆಗುರುತು ಏನನ್ನೂ ಸಾಬೀತು ಮಾಡುವುದಿಲ್ಲ. ಬಿಸಿಲು ಬಂತು, ಇನ್ನು ಭಯವಿಲ್ಲ ಎಂಬುದೂ ಇಂಥದ್ದೇ ಭ್ರಮೆ. ಭಾರೀ ಹಿಮ ಸುರಿದ ಮೇಲೆ ಬರುವ ಮೊದಲ ತಿಳಿ ಆಕಾಶದ ದಿನಕ್ಕೆ ಹೆಚ್ಚು ಹೆದರಬೇಕು: ಹೊಸ ಭಾರ ಇನ್ನೂ ಕಚ್ಚಿಕೊಂಡಿರುವುದಿಲ್ಲ, ಜನರಿಗೆ ಮಾತ್ರ ಹುರುಪು ಬಂದಿರುತ್ತದೆ.

ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿರಲಿಲ್ಲವೇ ಎಂಬ ಪ್ರಶ್ನೆಯೂ ಏಳುತ್ತದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಆ ಯೋಧ 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯಲ್ಲಿ ಒಂಬತ್ತು ಸಹಯೋಧರೊಂದಿಗೆ ಹೂತುಹೋದರು. ಜೀವಂತವಾಗಿ ಸಿಕ್ಕವರು ಅವರೊಬ್ಬರೇ, ಫೆಬ್ರುವರಿ 11ರಂದು ದೆಹಲಿಯಲ್ಲಿ ಅವರೂ ತೀರಿಕೊಂಡರು. ಡೇರೆಯೊಳಗೆ ಉಳಿದಿದ್ದ ಗಾಳಿ ಅವರನ್ನು ಅಷ್ಟು ದಿನ ಕಾದಿತ್ತು ಎಂದು ಹೇಳಲಾಗಿದೆ. ಬಯಲಲ್ಲಿ ನಡೆಯುವವರಿಗೆ ಡೇರೆಯ ಆಸರೆ ಎಲ್ಲಿಂದ? ಸ್ವಿಟ್ಜರ್ಲೆಂಡಿನ ಲೆಕ್ಕದಲ್ಲಿ, ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಗೆ ಅದು ಮೂವರಲ್ಲಿ ಒಬ್ಬರಿಗೆ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟರಲ್ಲಿ ಹೊರಟಿರುವುದೂ ಅನುಮಾನ. ಸಿಯಾಚಿನ್‌ನಲ್ಲಿ ಹಿಮದ ಗೋಡೆಯೇ ಠಾಣೆಯ ಮೇಲೆ ಬಿತ್ತು, ಯೋಧರಿಗೆ ಜಾಗದ ಆಯ್ಕೆ ಇರಲಿಲ್ಲ. ಚಾರಣಿಗರಿಗೆ ಇದೆ. ಹೊರಡುವ ಮುನ್ನ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಡಿಜಿಆರ್‌ಇ ಹೊರಡಿಸುವ ಹಿಮಕುಸಿತದ ಮುನ್ಸೂಚನೆ ನೋಡಿ. ಮಾರ್ಗದರ್ಶಿ ವಾಪಸ್ ಎಂದರೆ ಕಟ್ಟಿದ ದುಡ್ಡಿನ ಲೆಕ್ಕ ಹಾಕದೆ ತಿರುಗಿಬನ್ನಿ.