ಮೊದಲ ಮಾತು ಯಾವಾಗ ಬಂತು?

ಬ್ಯಾಂಕಿನ ಕೌಂಟರಿನಲ್ಲಿ ಕೂತು ಸಾವಿರಾರು ಜನರಿಗೆ ಅರ್ಜಿ ತುಂಬಿಕೊಟ್ಟವನು ನಾನು. ಆದರೆ ಮೈಸೂರಿನಲ್ಲಿ ಮೊಮ್ಮಗನ ವಿವರ ಬರೆಸುವಾಗ ಒಂದು ಪ್ರಶ್ನೆಗೆ ತಡವರಿಸಿದೆ. ಮಗು ಮೊದಲ ಮಾತು ಆಡಿದ್ದು ಯಾವಾಗ?

ಅವನಿಗೆ ಆಗ ನಾಲ್ಕು ವರ್ಷ. ಕಿವಿ ಚುರುಕು. ತರೀಕೆರೆ ಸ್ಟೇಷನ್ನಿನಲ್ಲಿ ರೈಲು ಕೂಗಿದರೆ ಮೊದಲು ಓಡುವವನು ಅವನೇ. ಆದರೆ 'ಅಜ್ಜನಿಗೆ ನೀರು ಕೊಟ್ಟೆ' ಎನ್ನಬೇಕಾದಲ್ಲಿ 'ಅಜ್ಜ ನೀರು ಕೊಡು' ಎನ್ನುತ್ತಿದ್ದ. ಯಾರು ಯಾರಿಗೆ ಕೊಟ್ಟರೆಂದು ನಾವೇ ಊಹಿಸಬೇಕು. ಮಕ್ಕಳೇ, ಕನ್ನಡದಲ್ಲಿ ಆ ಲೆಕ್ಕ ಇಡುವುದು 'ಇಗೆ', 'ಎ' ಎಂಬ ಪುಟ್ಟ ಬಾಲಗಳು. ಅವನ ಕೈಗೆ ಸಿಗದಿದ್ದದ್ದು ಆ ಬಾಲಗಳೇ. 'ಅವನಪ್ಪನೂ ತಡವಾಗಿಯೇ ಮಾತಾಡಿದ್ದು, ಬಿಡಿ' ಎಂದು ಒಂದು ವರ್ಷ ಮುಂದೂಡಿದವನು ನಾನೇ.

ಸೊಸೆಯ ತವರಿನ ಮಾತು ತೆಲುಗು. ಎರಡು ಭಾಷೆ ಸೇರಿ ಹೀಗಾಯಿತೆಂದರು ನೆಂಟರು. ಅದು ತಪ್ಪು. ನಮ್ಮ ಕಡೆಯ ತಾಂಡಾಗಳಲ್ಲಿ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಆಡುವ ಎಷ್ಟು ಮಕ್ಕಳಿಲ್ಲ! ಎರಡು ಭಾಷೆಯಿಂದ ಈ ತೊಂದರೆ ಬರುವುದಿಲ್ಲ.

ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕೇಂದ್ರ ಆರೋಗ್ಯ ಇಲಾಖೆಯದು. ಜನ 'ಆಯಿಷ್' ಎನ್ನುತ್ತಾರೆ. ತರೀಕೆರೆ, ಕಡೂರಿನವರಿಗೆ ತಾಳಗುಪ್ಪ–ಮೈಸೂರು ರೈಲು ನೇರ. ಅಜ್ಜಂಪುರದವರು ಬೀರೂರಿಗೆ ಬಂದು ಹತ್ತಬಹುದು. ಅಲ್ಲಿ ಚಿಕ್ಕ ಮಕ್ಕಳ ಶಾಲಾಪೂರ್ವ ಕೇಂದ್ರವಿದೆ. ಆದರೆ ನೇರವಾಗಿ ಶಾಲೆಯ ಅರ್ಜಿ ಹಿಡಿದು ಹೋದರೆ ಆಗದು. ಮೊದಲು ಹೆಸರು ನೋಂದಣಿ, ಕಿವಿಯ ಪರೀಕ್ಷೆ, ಮಾತು–ಭಾಷೆಯ ಪರೀಕ್ಷೆ, ಮನಶ್ಶಾಸ್ತ್ರಜ್ಞರ ಭೇಟಿ. ಕಿವಿ ಸರಿಯಿದೆ ಎಂದು ನಮಗೆ ಎಷ್ಟೇ ಖಾತ್ರಿಯಿದ್ದರೂ ಪರೀಕ್ಷೆ ಬೇಕೇ ಬೇಕು.

ನಿಜವಾದ ಕಷ್ಟ ಆಮೇಲಿನದು. ಅಲ್ಲಿ ಮಗುವಿನ ಜೊತೆ ಮನೆಯವರೂ ಕೂತು ಕಲಿಯಬೇಕು. ಅಂದರೆ ಮೈಸೂರಿನಲ್ಲಿ ಬಾಡಿಗೆ ಕೋಣೆ. ಸೊಸೆಯೂ ನನ್ನಾಕೆಯೂ ಹೋದರು. ನಾನೂ ಮಗನೂ ತಿಂಗಳುಗಟ್ಟಲೆ ಅನ್ನ–ಸಾರು ಬಿಟ್ಟರೆ ಬೇರೆ ಕಂಡಿಲ್ಲ. ಹೀಗೆ ಮನೆ ಎರಡಾಗಲು ಎಲ್ಲರಿಗೂ ಅನುಕೂಲವಿರುವುದಿಲ್ಲ. ಅಂಥವರು ಅಂಗನವಾಡಿಯಿಂದ ಆರಂಭಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಲ್ಲಿಗೇ ಬರುತ್ತದೆ. ಅವರು ನೋಡುವ ತೊಂದರೆಗಳ ಪಟ್ಟಿಯಲ್ಲಿ ಭಾಷೆ ತಡವಾಗುವುದೂ ಇದೆ.

ಕಾಗದಪತ್ರದ ಮಾತೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ 'ವಾಕ್ ಮತ್ತು ಭಾಷಾ ವೈಕಲ್ಯ' ಸೇರಿದೆ ಎಂದು ಓದಿ ಹಿಗ್ಗಿದ್ದೆ. ವ್ಯಾಖ್ಯೆ ಓದಿದರೆ, ಅದು ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಮಿದುಳು–ನರದ ಕಾರಣದಿಂದ ಮಾತು ಕಳೆದುಕೊಂಡವರಂಥ ಶಾಶ್ವತ ವೈಕಲ್ಯದ್ದು. ನಮ್ಮ ಹುಡುಗನಂಥವರು ಅದರಲ್ಲಿ ಸಲೀಸಾಗಿ ಕೂರುವುದಿಲ್ಲ. ಹಾಗಾಗಿ ಪರೀಕ್ಷೆಯ ವರದಿಯೇ ನಮಗೆ ಪಾಸ್‌ಬುಕ್. ಮೂರು ನಕಲು ಮಾಡಿಸಿ ಇಟ್ಟಿದ್ದೇನೆ, ಒಂದು ಅಕ್ಕಿಡಬ್ಬದಲ್ಲಿ.

ಈಗ ಅವನು ಊರಿನ ಶಾಲೆಯಲ್ಲಿ ಒಂದನೇ ತರಗತಿ. ಮಕ್ಕಳೇ, ನಿಮ್ಮ ತರಗತಿಯಲ್ಲೂ ಇಂಥವನಿದ್ದರೆ ಅವನ ವಾಕ್ಯವನ್ನು ನೀವು ಮುಗಿಸಬೇಡಿ. ಸ್ವಲ್ಪ ಕಾಯಿರಿ, ಅವನೇ ಮುಗಿಸುತ್ತಾನೆ.

ಅಂದು ಉತ್ತರ ಕೊಟ್ಟದ್ದು ನನ್ನಾಕೆ: 'ಎರಡೂಕಾಲು ವರ್ಷಕ್ಕೆ. ಯುಗಾದಿಯ ಮಾರನೇ ದಿನ, ಬೆಲ್ಲ ಅಂದ.' ಊರಿಗೆ ಬಂದವನೇ ಹಳೆಯ ಲೆಡ್ಜರೊಂದನ್ನು ತೆಗೆದು ಅವನ ಮಾತುಗಳನ್ನು ತಾರೀಖಿನ ಸಮೇತ ಜಮಾ ಮಾಡತೊಡಗಿದೆ. ಕಳೆದ ಸೋಮವಾರದ ನಮೂದು: 'ಅಜ್ಜನಿಗೆ ಕೊಟ್ಟೆ.' ಏನು ಕೊಟ್ಟ ಎಂಬುದನ್ನು ಬರೆದಿಲ್ಲ. ಸಂಭ್ರಮದಲ್ಲಿ ಮರೆತುಹೋಯಿತು.